ಎಪ್ಪತ್ತನೇ ಕಿಲೋಮೀಟರಿನ ಬಾಟಲಿ

ಹೋದ ವಾರ ಓಟದ ಸಾಮಾನು ಹೊಂದಿಸುವಾಗ ಅಟ್ಟದ ಚೀಲದಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ಬಾಟಲಿ ಸಿಕ್ಕಿತು. ಮುಚ್ಚಳ ತೆಗೆದೆ. ಹುರಿದ ಜೀರಿಗೆ, ನಿಂಬೆ, ಬೆಲ್ಲ… ಎಷ್ಟು ತೊಳೆದಿದ್ದರೂ ವಾಸನೆ ಹೋಗಿರಲಿಲ್ಲ. ಸಿಟ್ಟೂ ಹಾಗೇ ಇತ್ತು.

ಐರ್ಲೆಂಡಿನ ಕಾರ್ಕ್‌ಗೆ ಎಂಎಸ್ ಓದಲು ಬಂದ ವರ್ಷ ಬ್ಯಾಲಿನ್‌ಕೊಲಿಗ್‌ನ ಬಾಡಿಗೆ ಮನೆಯ ಕೆಳಗಿನ ರೂಮಿನಲ್ಲಿ ನಾನಿದ್ದೆ, ಮೇಲಿನ ರೂಮಿನಲ್ಲಿ ಅವನು. ಬೆಂಗಳೂರಿನವನು, ನನಗಿಂತ ಹತ್ತು ವರ್ಷ ದೊಡ್ಡವನು, ರಿಂಗಾಸ್ಕಿಡಿಯ ಔಷಧಿ ಕಾರ್ಖಾನೆಯೊಂದರಲ್ಲಿ ದೊಡ್ಡ ಕೆಲಸ. ಎದುರಿಗೆ ‘ಅಣ್ಣಾ, ನೀವು’ ಎನ್ನುತ್ತಿದ್ದೆ. ಇಲ್ಲಿ ‘ಅವನು’ ಎಂದೇ ಬರೆಯುತ್ತೇನೆ. ಅಷ್ಟು ಹಕ್ಕು ನನಗಿದೆ.

ನೂರು ಕಿಲೋಮೀಟರಿನ ಗುಡ್ಡಗಾಡು ಓಟಕ್ಕೆ ಅವನು ತಯಾರಾಗುತ್ತಿದ್ದ. ಪ್ರತಿ ಭಾನುವಾರ ಅವನು ಓಡುವುದು, ನಾನು ಹಳೆಯ ಸೈಕಲ್ ಮೇಲೆ ಬಾಟಲಿಗಳನ್ನು ಹೊತ್ತು ಹಿಂದೆ ಹೋಗುವುದು. ಜೀರಿಗೆ-ನಿಂಬೆಯ ಪಾನಕ ನಾನೇ ಬೆರೆಸುತ್ತಿದ್ದೆ. ದೂರ ಹೆಚ್ಚಿದಂತೆ ಉಪ್ಪು ಎಷ್ಟು ಹೆಚ್ಚಬೇಕು ಎಂಬುದನ್ನು ವಾರಗಟ್ಟಲೆ ತಿದ್ದಿ ತಿದ್ದಿ ಕಂಡುಕೊಂಡೆ. ಓದಿದ್ದು ಕೆಮಿಸ್ಟ್ರಿ ತಾನೆ! ಒಂದೊಂದು ಬಾಟಲಿಗೂ ಬಿಳಿ ಟೇಪು ಸುತ್ತಿ ಕಿಲೋಮೀಟರಿನ ಅಂಕಿ ಬರೆಯುತ್ತಿದ್ದೆ. ರಂಜಾನ್ ತಿಂಗಳಲ್ಲೂ ಬಿಡಲಿಲ್ಲ. ನಾನು ರೋಜಾ ಇದ್ದೇನೆಂದು ಗೊತ್ತಿದ್ದೂ ಅವನು ಗಟಗಟ ಕುಡಿದು, “ಒಂದ್ ಗುಟುಕು ಹಾಕ್ಕೊಳ್ಳೋ, ಇಲ್ಲಿ ಯಾರ್ ನೋಡ್ತಾರೆ?” ಎಂದು ಕಣ್ಣು ಹೊಡೆಯುತ್ತಿದ್ದ.

ಆ ಬೇಸಿಗೆಯಲ್ಲಿ ಅವನು ಓಟ ಮುಗಿಸಿದ, ಪದಕ ಬಂತು. ಒಂದೇ ಒಂದು ಸಲವೂ ಕಾಲು ಸೆಳೆಯಲಿಲ್ಲ. ನವೆಂಬರಿನಲ್ಲಿ ರಾಜ್ಯೋತ್ಸವದ ಊಟಕ್ಕೆ ಸೇರಿದ್ದಾಗ ಯಾರೋ, “ನಿಮ್ ಕೆಳಗಿನ್ ರೂಮಿನ್ ಹುಡ್ಗ ತುಂಬಾ ಹೆಲ್ಪ್ ಮಾಡಿದ್ನಂತೆ?” ಎಂದರು. ಉಪ್ಪಿನ ವಿಷಯ ಹೇಳುತ್ತಾನೆ ಎಂದುಕೊಂಡು ನಾನು ತಟ್ಟೆ ಹಿಡಿದು ನಿಂತೆ.

“ಇವ್ನಾ? ಗದಗಲ್ಲಿ ಗಾದಿ ಹೊಲಿಯೋರ ಮಗ. ಮನೇಲಿ ಇವ್ನೇ ಫಸ್ಟ್ ಗ್ರಾಜುಯೇಟಂತೆ. ಬಾಟ್ಲು ಹಿಡಿಯೋಕೆ ಡಿಗ್ರಿ ಬೇಕಾ ಗುರು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಇವತ್ತಿಗೂ ಸುಡುವುದು ನನ್ನ ಆ ನಗುವೇ. ಅಪ್ಪ ಹತ್ತಿ ಹಿಂಜಿ ಹಿಂಜಿ ಎದೆಯಲ್ಲಿ ದಮ್ಮು ತುಂಬಿಕೊಂಡದ್ದು ನನ್ನ ಮೈಮೇಲೆ ಪದವಿಯ ಕಪ್ಪು ಗೌನು ನೋಡಲಿಕ್ಕೆ.

ಮುಂದಿನ ತಿಂಗಳೇ ಮನೆ ಬದಲಿಸಿದೆ. ಬೂಟು ಕೊಂಡೆ. ಅವನು ಮತ್ತೆ ಓಡಲಿದ್ದ ಅದೇ ಓಟಕ್ಕೆ ಹೆಸರು ಕೊಟ್ಟೆ. ಅವನ ಮೈಯ ಗುಟ್ಟೆಲ್ಲ ನನಗೆ ಗೊತ್ತಿತ್ತು: ಇಳಿಜಾರಿನಲ್ಲಿ ಎಡಗಾಲು ಎಳೆಯುತ್ತಾನೆ, ಎಪ್ಪತ್ತರ ಹೊತ್ತಿಗೆ ಹೊಟ್ಟೆ ತೊಳಸುತ್ತದೆ. ಅಲ್ಲಿಯವರೆಗೆ ಹತ್ತು ಹೆಜ್ಜೆ ಹಿಂದೆ ಇರುವುದು, ಆಮೇಲೆ ಮುಖ ನೋಡಿಯೇ ದಾಟುವುದು. ಮುಂದಿನ ರಂಜಾನಿನಲ್ಲಿ ಇಫ್ತಾರಿಗೆ ಮುಂಚಿನ ಒಂದು ಗಂಟೆ ನದಿ ದಂಡೆಯಲ್ಲಿ ಓಡುತ್ತಿದ್ದೆ. ಖರ್ಜೂರ ಬಾಯಿಗಿಡುವಾಗ ದುವಾದಲ್ಲಿ ಅವನ ಸೋಲನ್ನೂ ಬೇಡಿದ್ದೇನೆ. ತಪ್ಪು, ಗೊತ್ತು. ಆದರೂ ಬೇಡಿದೆ.

ಓಟದ ದಿನ ಬೆಳಿಗ್ಗೆ ಸಾಲಿನಲ್ಲಿ ಅವನು ಕಾಣಲಿಲ್ಲ. ಮುಂದೆ ಹೋಗಿರಬೇಕೆಂದು ಓಡಿದೆ. ಎಪ್ಪತ್ತನೇ ಕಿಲೋಮೀಟರಿನಲ್ಲಿ ನೀರು ಕೊಡುವ ಟೆಂಟಿನ ಮುಂದೆ ಅವನು ಸ್ವಯಂಸೇವಕರ ಹಳದಿ ಜಾಕೆಟ್ ತೊಟ್ಟು ನಿಂತಿದ್ದ. ಅರ್ಧಕ್ಕರ್ಧ ಇಳಿದುಹೋಗಿದ್ದ. ನನ್ನನ್ನು ನೋಡಿದವನೇ ಬಾಟಲಿ ಮುಂದೆ ಚಾಚಿದ. ತಿಂಗಳುಗಟ್ಟಲೆ ಕಾದಿದ್ದ ಕ್ಷಣ…

“ಬಾಟ್ಲಿ ಹಿಡ್ಯಾಕ ಡಿಗ್ರಿ ಬೇಕೇನ್ರೀ ಅಣ್ಣಾ?” ಎಂದೆ. ಬಾಟಲಿ ಮುಟ್ಟದೆ ಓಡಿದೆ.

ನನ್ನ ಜೀವನದಲ್ಲಿ ಅಷ್ಟು ಹಗುರವಾಗಿ ನಾನು ಎಂದೂ ಓಡಿಲ್ಲ. ಆದರೆ ಅದು ಹನ್ನೆರಡು ಕಿಲೋಮೀಟರ್ ಮಾತ್ರ. ಆಮೇಲೆ ಎರಡೂ ಮೀನಖಂಡಗಳು ಕಲ್ಲಾಗಿ, ಕುರಿಗಳ ಹೊಲದ ಕಲ್ಲುಗೋಡೆಗೆ ಒರಗಿ ಬಿದ್ದೆ. ಉಪ್ಪಿನ ಲೆಕ್ಕ ಕಂಡುಹಿಡಿದವನೇ ಉಪ್ಪು ಬಿಟ್ಟು ಓಡಿದ್ದೆ. ಓಟ ನಡೆಸುವವರ ಕಾರಿನಲ್ಲಿ ಬಂದ ಅಜ್ಜಿಯೊಬ್ಬಳು, “ಗ್ರ್ಯಾಂಡ್, ಯು ಆರ್ ಗ್ರ್ಯಾಂಡ್” ಎಂದು, ಏನೂ ಆಗಿಲ್ಲವೆಂಬ ಇಲ್ಲಿನವರ ಸಮಾಧಾನ ಹೇಳುತ್ತ ನನ್ನನ್ನು ಎತ್ತಿ ಕೂರಿಸಿದಳು. ಅದೇ ಬಾಟಲಿ ಕೈಗಿಟ್ಟಳು. ಎಪ್ಪತ್ತರ ಟೆಂಟಿನವನು, ಮುಂದೆಲ್ಲೋ ಬಿದ್ದಿರುತ್ತಾನೆ ಕೊಡಿ ಎಂದು ಕಳಿಸಿದ್ದನಂತೆ. ಬಿಳಿ ಟೇಪಿನ ಮೇಲೆ ೭೦ ಎಂದು ಬರೆದಿತ್ತು. ಅದರ ಕೆಳಗೆ, ಅವಸರದ ಅಕ್ಷರದಲ್ಲಿ: ‘ಬೇಕು ಕಣೋ.’

ಕುಡಿದೆ. ಉಪ್ಪು ನನ್ನ ಅಳತೆಯದೇ, ಒಂದು ಚಿಟಿಕೆಯೂ ಹೆಚ್ಚುಕಡಿಮೆ ಇರಲಿಲ್ಲ. ನನ್ನ ಓಟ ಆ ಕಾರಿನಲ್ಲೇ ಮುಗಿಯಿತು.

ಅವನ ಹೃದಯದ ಬಡಿತ ತಪ್ಪುತ್ತಿದೆ, ಇನ್ನು ಓಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದು ನನಗೆ ತಿಳಿದದ್ದು ಆಮೇಲೆ. ಆ ಎರಡು ಪದ ತಪ್ಪೊಪ್ಪಿಗೆಯೋ, ಇನ್ನೊಂದು ಚುಚ್ಚೋ? ಫೋನ್ ಮಾಡಿ ಕೇಳಬಹುದಿತ್ತು. ಹಟ… ಮುಂದಿನ ವರ್ಷ ಓಟ ಮುಗಿಸಿ, ಪದಕವನ್ನು ಅವನ ಮೇಜಿನ ಮೇಲಿಟ್ಟೇ ಕೇಳುತ್ತೇನೆ ಎಂದುಕೊಂಡೆ. ಕ್ರಿಸ್‌ಮಸ್‌ಗೆ ಮುಂಚೆಯೇ ಅವನು ತೀರಿಕೊಂಡ.

ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೆರಡು ತಿಂಗಳಿಗೆ ಮತ್ತೆ ಅದೇ ಓಟವಿದೆ. ಇವತ್ತು ಬೆಳಿಗ್ಗೆ ಅದೇ ಬಾಟಲಿಯಲ್ಲಿ ಪಾನಕ ಬೆರೆಸಿಕೊಂಡು ನದಿ ದಂಡೆಗೆ ಹೋದೆ. ಓಡುವಾಗ ಈಗಲೂ ಮುಂದೆ ಹತ್ತು ಹೆಜ್ಜೆ ಜಾಗ ಬಿಟ್ಟೇ ಓಡುತ್ತೇನೆ. ದಾಟಬೇಕಾದವನು ಅಲ್ಲಿಲ್ಲ…