ಹಗ್ಗದ ಮೇಲೆ ಉಳಿದ ಮೂರು

ಕಾರ್ಖಾನೆಯ ಚರಿತ್ರೆ ಬರೆಯಲು ಬಂದ ಹುಡುಗಿ ರೆಕಾರ್ಡರನ್ನು ಮುದಿ ಮೇಸ್ತ್ರಿಯ ಮುಂದಿಟ್ಟಳು. ಅವನ ಹೆಂಡತಿ ಎರಡನೆಯ ಸಲ ಚಹಾ ಕೊಟ್ಟು ಒಳಗೆ ಹೋದಳು. ಇಪ್ಪತ್ತೆರಡು ವರ್ಷ ಅದೇ ಕಾರ್ಖಾನೆಯ ಬಟ್ಟೆ ಒಗೆದವಳು ಅವಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

"ಬಾಯ್ಲರ್ ಸಿಡಿದಾಗ ಎಷ್ಟು ಜನ ತೀರಿಕೊಂಡ್ರು, ಅಜ್ಜ?"

"ಏಳು. ಹಾಜರಿ ಪುಸ್ತಕ ಬರೀತಿದ್ದವನೇ ನಾನು."

ಹುಡುಗಿ ಬರೆದುಕೊಂಡಳು. ಒಳಗೆ ಲೋಟವೊಂದು ಕೈಜಾರಿ ಬಿದ್ದಿತು.

ದಿನಗೂಲಿ ಹೆಂಗಸರಿಗೆ ಹಾಜರಿ ಪುಸ್ತಕದಲ್ಲಿ ಜಾಗವಿರಲಿಲ್ಲ, ಅವಳು ಬಟ್ಟೆ ಒಣಹಾಕುವ ಹಗ್ಗದ ಮೇಲಿತ್ತು. ಒಬ್ಬೊಬ್ಬರಿಗೆ ಎರಡೆರಡು ಏಪ್ರನ್: ಒಂದು ಮೈಮೇಲೆ, ಒಂದು ಹಗ್ಗದ ಮೇಲೆ. ಅದಲುಬದಲಾಗದಿರಲೆಂದು ಅಂಚಿಗೆ ಬಣ್ಣದ ದಾರದ ಗಂಟು ಹಾಕುತ್ತಿದ್ದಳು. ಬಾಯ್ಲರ್ ಸಿಡಿದ ದಿನ ಸಂಜೆ ಮೂರು ಏಪ್ರನ್ ಒಯ್ಯಲು ಯಾರೂ ಬರಲಿಲ್ಲ. "ಸುಟ್ಟುಹಾಕು" ಎಂದಿದ್ದ ಗಂಡ. ಅವಳು ಮೂವತ್ತು ವರ್ಷದಿಂದ ಅವನ್ನು ಒಗೆಯುತ್ತಲೇ ಇದ್ದಳು. ಗಾಳಿಯಿಲ್ಲದ ದಿನವೂ ಅವುಗಳ ದಾರಗಳು ಅಲ್ಲಾಡುತ್ತಿದ್ದವು.

ಈಗ ಅವಳು ಮೂರನ್ನೂ ತಂದು ಮೇಜಿನ ಮೇಲಿಟ್ಟಳು. "ಏಳಲ್ಲ ಕಣಮ್ಮ, ಹತ್ತು."

"ನಿನಗೇನೇ ಗೊತ್ತು? ಒಳಗೆ ಹೋಗು."

"ನಿಮ್ಮದು ಪುಸ್ತಕದ ಲೆಕ್ಕ. ನಂದು ಬಟ್ಟೆ ಲೆಕ್ಕ. ಒಂದು ಬಟ್ಟೆ ಕಳೆದ್ರೂ ನನ್ನ ಸಂಬಳ ಮುರೀತಿದ್ರಿ, ಹೆಂಗಸರು ಕಳೆದ್ರೆ ಯಾರೂ ಕೇಳಲಿಲ್ಲ."

"ಅದನ್ನ ಆಫ್ ಮಾಡಮ್ಮ," ಎಂದ ಮೇಸ್ತ್ರಿ ಹುಡುಗಿಗೆ. "ಮೇಲಿನವರು ಹೇಳಿದ ಹಾಗೆ ಬರೆದೆ. ಹೊಟ್ಟೆಪಾಡು."

ಹುಡುಗಿ ರೆಕಾರ್ಡರನ್ನು ಅವಳತ್ತ ತಿರುಗಿಸಿದಳು. "ನೀವು ಹೇಳಿ, ಅಜ್ಜಿ."

"ನೀಲಿ ಗಂಟಿನವಳನ್ನ ಹಲ್ಲುಬ್ಬಿ ಅಂತಿದ್ವಿ. ಬಾಯಿಗೆ ಕೈ ಅಡ್ಡ ಇಟ್ಟು ನಗ್ತಿದ್ಲು. ಕೆಂಪು ಗಂಟಿನವಳಿಗೆ ರೇಡಿಯೋ ಅಂತಿದ್ವಿ, ಬಾಯಿಗೆ ಬಿಡುವೇ ಇರ್ತಿರಲಿಲ್ಲ. ಹಸಿರು..." ಅವಳು ಏಪ್ರನ್ನಿನ ಎದೆಭಾಗ ಸವರಿದಳು. "ಇದನ್ನ ಒಗೆದು ಎಂಟು ದಿನ ಆಯ್ತು. ಮುಟ್ಟಿ ನೋಡು ಮಗಳೇ."

ಹುಡುಗಿ ಮುಟ್ಟಿದಳು. ಬೆರಳು ಒದ್ದೆಯಾಯಿತು. ಹಾಲಿನ ವಾಸನೆ.

ಮೇಸ್ತ್ರಿ ಗೋಡೆಯತ್ತ ಮುಖ ತಿರುಗಿಸಿದ. "ಇನ್ನೊಂದು ಲೋಟ ಚಹಾ ತಾ," ಎಂದ.

"ಒಲೆ ಮೇಲಿದೆ, ಬಗ್ಗಿಸ್ಕೊಳ್ಳಿ." ಅವಳು ಕುರ್ಚಿ ಎಳೆದುಕೊಂಡು ಕುಳಿತಳು. "ಹಸಿರಿನವಳ ಮಗೂಗೆ ಆಗ ಐದು ತಿಂಗಳು. ಬರ್ಕೋ."