ಇ-ಮೇಲಿಗೆ ಸೀಲು ಹೊಡೆಯುವ ಊರು

"ಇನ್‌ವರ್ಡ್ ನಂಬರ್ ನೂರಾ ನಲವತ್ತೆರಡು. ಕಳಿಸಿದೋರು, ಪುಣೆ ಆಫೀಸು. ವಿಷಯ, ಜೋಕು. ಪುಟ, ಒಂದು."

ಹರಿಹರದ ಕಾರ್ಖಾನೆಯೊಂದರ ಆಫೀಸಿನಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಹೇಳಿದವರು ರುದ್ರಪ್ಪನವರು. ಐವತ್ತೈದರ ಆಸುಪಾಸು, ಹಣೆಯಲ್ಲಿ ವಿಭೂತಿ, ಗರಿಗರಿ ಇಸ್ತ್ರಿಯ ಬಿಳಿ ಅಂಗಿ. ಆಗಷ್ಟೇ ಪ್ರಿಂಟರಿನಿಂದ ಹರಿದ, ಎರಡೂ ಅಂಚಿನಲ್ಲಿ ತೂತುಗಳಿದ್ದ ಕಾಗದಕ್ಕೆ ಅವರು ರಬ್ಬರ್ ಸೀಲು ಒತ್ತಿದರು. ದಪ್ಪ ಪುಸ್ತಕದಲ್ಲಿ ನಂಬರು ಬರೆದರು. ಆಮೇಲೆ ಎದ್ದು ನಿಂತು, ಸಾವಿನ ಸುದ್ದಿ ಓದುವಷ್ಟು ಗಂಭೀರವಾಗಿ ಓದಿದರು. ಮ್ಯಾನೇಜರೊಬ್ಬ ಕಂಪ್ಯೂಟರ್ ತರಿಸಿ, ಇನ್ನು ಅರ್ಧ ಕೆಲಸ ಇದೇ ಮಾಡುತ್ತೆ ಎಂದನಂತೆ; ಹಾಗಾದರೆ ಎರಡು ತರಿಸಿ ಸಾರ್, ನಾವು ಮನೆಗೆ ಹೋಗ್ತೀವಿ ಎಂದನಂತೆ ಗುಮಾಸ್ತ. ಯಾರೂ ತುಟಿ ಬಿಚ್ಚಲಿಲ್ಲ. ರುದ್ರಪ್ಪನವರು "ಮುಗೀತು" ಎಂದರು. ಆಗ ಇಡೀ ಆಫೀಸು ಬಿದ್ದು ಬಿದ್ದು ನಕ್ಕಿತು. ಕಾಗದವನ್ನು ನೋಟೀಸ್ ಬೋರ್ಡಿಗೆ, ಒಂದು ಆರ್ಡರಿಗೂ ಒಂದು ರಜಾ ಪ್ರಕಟಣೆಗೂ ನಡುವೆ, ಗುಂಡುಪಿನ್ನಿನಿಂದ ಚುಚ್ಚಿದರು.

ಮೈಸೂರಿನ ಓದುಗರೇ, ನಾನು ಎಲ್ಲಿಗೆ ಬಂದೆ ಎಂದು ನಿಮಗೆ ಈಗ ಗೊತ್ತಾಗಿರಬಹುದು. ಹೊಸದಾಗಿ ಜಿಲ್ಲೆಯಾದ ದಾವಣಗೆರೆಯಲ್ಲಿ ನನ್ನ ವಾಸ, ಅರ್ಧ ಗಂಟೆ ಬಸ್ಸಿನ ದೂರದ ಹರಿಹರದಲ್ಲಿ ಕೆಲಸ. ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಗೆ ಕಂಪ್ಯೂಟರ್ ಬಂದಿತ್ತು, ಅದನ್ನು ಬಲ್ಲವರು ಬೇಕಿತ್ತು. ಶತಮಾನ ಮುಗಿಯಲು ಇನ್ನು ಒಂದೂವರೆ ವರ್ಷವಿದೆ, ಅಷ್ಟರೊಳಗೆ ಇವರನ್ನು ಹೊಸ ಕಾಲಕ್ಕೆ ದಾಟಿಸಿಬಿಡುತ್ತೇನೆ ಎಂದುಕೊಂಡು ಬಂದೆ. ಕಾಲೇಜಿನ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಬಸ್ಸಿನಲ್ಲೇ ವಿಷಯ ಮಂಡನೆ ಸಿದ್ಧವಾಗಿತ್ತು: 'ಮಿರ್ಚಿ ಬಜ್ಜಿಯ ಊರಿಗೂ ಮೌಸಿಗೂ ಆಗಿಬರುವುದಿಲ್ಲ.' ನಾನು ವಿಷಯದ ಪರ.

ಮೊದಮೊದಲು ಸಾಕ್ಷ್ಯಗಳು ತಾವಾಗಿಯೇ ಒದಗಿದವು. ರುದ್ರಪ್ಪನವರು ಮೊದಲು ಟೆಲೆಕ್ಸ್ ಆಪರೇಟರ್. ಟೆಲೆಕ್ಸ್ ಎಂದರೆ, ಇಲ್ಲಿ ಟೈಪ್ ಮಾಡಿದ್ದನ್ನು ತಂತಿಯ ಮೂಲಕ ದೂರದೂರಿನ ಇನ್ನೊಂದು ಯಂತ್ರ ತಾನೇ ಟೈಪ್ ಮಾಡಿಕೊಳ್ಳುವ ವ್ಯವಸ್ಥೆ. ಅದರಲ್ಲಿ ಅಕ್ಷರಗಳೆಲ್ಲ ದೊಡ್ಡವೇ. ಆ ರೂಢಿಯಲ್ಲೇ ಅವರು ಇ-ಮೇಲನ್ನೂ ಪೂರ್ತಿ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದರು. ನಮ್ಮ ಕಂಪ್ಯೂಟರ್ ಲೋಕದಲ್ಲಿ ಅದು ಕಿರುಚಿದಂತೆ. "ನಿಮ್ಮ ಸಾಹೇಬರಿಗೆ ನಮ್ಮ ಮೇಲೆ ಯಾಕಿಷ್ಟು ಸಿಟ್ಟು?" ಎಂದು ಪುಣೆಯವರು ಫೋನ್ ಮಾಡಿ ಕೇಳಿದರು. "ಅವ್ರಿಗೆ ಕಿವಿ ಮಂದ ಐತೇನೋ ಬಿಡ್ರಿ, ಜೋರಾಗೇ ಬರಿಯೋಣ" ಎಂದ ಸ್ಟೋರ್ಸಿನ ಬಸವರಾಜ.

ಆಫೀಸಿಗೆಲ್ಲ ಒಂದೇ ಫೋನ್ ಲೈನು, ಒಂದೇ ಇ-ಮೇಲ್ ವಿಳಾಸ. ಹನ್ನೆರಡೂವರೆಗೆ ಫೋನು ಬಿಡಿಸಿ ಮೋಡೆಮ್ಮಿಗೆ ಜೋಡಿಸುವುದು. ಅದು ಕೀಚ್ ಕೀಚ್ ಎಂದು ಕೂಗಿ ಸುಮ್ಮನಾದರೆ ಇಂಟರ್ನೆಟ್ಟು ಸಿಕ್ಕಿತೆಂದು ಅರ್ಥ. ಇದೇ 'ಮೇಲ್ ಟೈಮು'. ಟೈಪಿಸ್ಟ್ ಶಬಾನಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬಂದು ನಿಲ್ಲುತ್ತಿದ್ದಳು, ಲೇತ್ ಯಂತ್ರ ಬಿಟ್ಟು ಇಬ್ಬರು ಕಿಟಕಿಗೆ ಬರುತ್ತಿದ್ದರು. ಎಲ್ಲರ ಚಪ್ಪಲಿ ಕಂಪ್ಯೂಟರ್ ರೂಮಿನ ಹೊರಗೆ. ಏ.ಸಿ. ಇದ್ದದ್ದು ಅಲ್ಲಿ ಮಾತ್ರ, ಬೇಸಿಗೆಯಲ್ಲಿ ಭಕ್ತಾದಿಗಳು ಹೆಚ್ಚು.

ನಿಮ್ಮಲ್ಲಿ ಇದನ್ನು ನೆನೆಸಲಾದೀತೇ? ಮೈಸೂರಿನ ಬ್ರೌಸಿಂಗ್ ಸೆಂಟರಿನಲ್ಲಿ ಒಬ್ಬೊಬ್ಬರಿಗೂ ಒಂದು ಪ್ಲೈವುಡ್ ಗೂಡು, ಅದಕ್ಕೊಂದು ಪರದೆ. ಪಕ್ಕದವರು ಅತ್ತರೂ ನಕ್ಕರೂ ಕೇಳುವಂತಿಲ್ಲ. ಇಲ್ಲಿ ಬಂದ ಪತ್ರ ಬಂದಂತೆ ಎಲ್ಲರದು. ಬಸವರಾಜನ ಮಸ್ಕತ್ತಿನ ಭಾವನಿಗೆ ಮಗು ಹುಟ್ಟಿದ್ದು ಇನ್‌ವರ್ಡ್ ನಂಬರ್ ನೂರಾ ಅರವತ್ತಾಗಿ ಬಂತು. "ಮುಗೀತು" ಎಂದ ಮೇಲೆಯೇ ಪೇಡಾ ಹಂಚಿದರು.

ಮನೆಯ ಕಥೆಯೂ ಹೀಗೆಯೇ. ಮೈಸೂರಿನಲ್ಲಿ ಒಂಟಿ ಹುಡುಗಿ ಬಾಡಿಗೆ ರೂಮು ಕೇಳಿದರೆ ಕುಲ, ಗೋತ್ರ, ವಾಪಸು ಬರುವ ಹೊತ್ತು, ಮೂರೂ ವಿಚಾರಣೆಯಾಗುತ್ತದೆ. ದಾವಣಗೆರೆ ವಿದ್ಯಾನಗರದ ಮನೆಯೊಡತಿ ಗಿರಿಜಮ್ಮನವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದು ಒಂದೇ: "ಜ್ವಾಳದ ರೊಟ್ಟಿ ತಿಂತೀರೋ, ಇಲ್ಲೋ?" ತಿನ್ನಲು ಕಲಿಯುತ್ತೇನೆ ಎಂದೆ. "ಹಂಗಾರ ಬರ್ರಿ, ಕೂಡ್ರಿ, ಉಣ್ರಿ" ಎಂದರು. ಒಂದು ಉಸಿರಿನಲ್ಲಿ ಮೂರು ಆಜ್ಞೆ! ನಮ್ಮ 'ಬನ್ನೀ, ಕೂತ್ಕೊಳ್ಳೀ' ಎಂಬ ಎಳೆತಕ್ಕೆ ಒಗ್ಗಿದ ಕಿವಿಗೆ ಅದು ಗದರಿದಂತೆ ಕೇಳಿಸಿತು. ಆ 'ರಿ' ಗೌರವದ್ದೆಂದು ಬುದ್ಧಿಗೆ ತಿಳಿದಿತ್ತು. ಕಿವಿ ಒಪ್ಪಲು ಎರಡು ತಿಂಗಳು ಬೇಕಾಯಿತು. ಮೂರನೆಯ ತಿಂಗಳು ಬಸ್ಸಿನಲ್ಲಿ ಕಂಡಕ್ಟರಿಗೆ "ಸ್ವಲ್ಪ ನಿಲ್ಸ್ರಿ" ಎಂದು ನಾನೇ ಕೂಗಿದೆ. ಬಸ್ಸು ನಿಂತಿತು. ಯಾವ ಚರ್ಚೆಯ ಬಹುಮಾನವೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಭಾನುವಾರಗಳು ಮಾತ್ರ ಕಷ್ಟ. ದಾವಣಗೆರೆಯ ಕಾಲೇಜೊಂದರ ಎದುರಿನ ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದೆ. ಚಾಟ್ ರೂಮಿನಲ್ಲಿ ಯಾವನೋ "ದಾವಣಗೆರೆ ಅಂದ್ರೆ ಯಾವ ಹಳ್ಳಿ?" ಎಂದು ಕೇಳಿದರೆ ಕೆರಳಿ, ಇಲ್ಲಿಯ ಹತ್ತಿ ಗಿರಣಿಗಳಿಂದ ಹಿಡಿದು ಬೆಣ್ಣೆದೋಸೆಯವರೆಗೆ ಪಟ್ಟಿ ಕೊಟ್ಟು ಅವನ ಬಾಯಿ ಮುಚ್ಚಿಸುತ್ತಿದ್ದೆ. ಅದೇ ಕುರ್ಚಿಯಲ್ಲಿ ಕೂತು, ಮೈಸೂರಿನ ಗೆಳತಿ ಮಾಲಿನಿಗೆ ಇದೇ ಊರನ್ನು ಆಡಿಕೊಂಡು ಪತ್ರ ಬರೆಯುತ್ತಿದ್ದೆ. ಒಂದೇ ಗಂಟೆಯಲ್ಲಿ ಪರವೂ ನಾನೇ, ವಿರೋಧವೂ ನಾನೇ. ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಚರ್ಚೆ ಕಲಿಸುವುದೇ ಅದನ್ನು.

ಒಂದು ಗುರುವಾರ ನಾನು ಕೊರಿಯರ್ ಆಫೀಸಿಗೆ ಹೋಗಿದ್ದೆ. ಮೇಲ್ ಇಳಿಸುವುದನ್ನು ರುದ್ರಪ್ಪನವರಿಗೆ ಆ ವೇಳೆಗೆ ಕಲಿಸಿಕೊಟ್ಟಿದ್ದೆ. ಒಳ್ಳೆಯ ಶಿಷ್ಯ, ಒಂದು ಹೆಜ್ಜೆ ಹೇಳಿದರೆ ಒಂದೇ ಹೆಜ್ಜೆ ಇಡುವವರು. ವಾಪಸು ಬಂದು, ಒಂದು ಚಪ್ಪಲಿ ಬಿಚ್ಚಿ ಇನ್ನೊಂದಕ್ಕೆ ಬಗ್ಗಿದ್ದೆ. ಒಳಗಿನಿಂದ ಅವರ ದನಿ ಕೇಳಿಸಿತು.

"ಇನ್‌ವರ್ಡ್ ನಂಬರ್ ಇನ್ನೂರಾ ಹದಿನೇಳು. ಕಳಿಸಿದೋರು, ಮಾಲಿನಿ, ಮೈಸೂರು. ಯಾರಿಗೆ, ನಮ್ಮ ವಸುಧಾ ಮೇಡಮ್ಮೋರಿಗೆ."

ನನ್ನ ಬ್ರೌಸಿಂಗ್ ಸೆಂಟರಿನ ವಿಳಾಸದಿಂದ ಎರಡು ವಾರ ಉತ್ತರ ಹೋಗದ್ದಕ್ಕೆ ಮಾಲಿನಿ ಆಫೀಸಿನ ವಿಳಾಸಕ್ಕೂ ಬರೆದುಬಿಟ್ಟಿದ್ದಳು. ಅಷ್ಟಾಗಿದ್ದರೆ ಚಿಂತೆಯಿರಲಿಲ್ಲ. ಅವಳು 'ರಿಪ್ಲೈ' ಗುಂಡಿ ಒತ್ತಿ ಬರೆದಿದ್ದಳು. ಹಾಗೆ ಬರೆದರೆ ನಾವು ಹಿಂದೆ ಕಳಿಸಿದ ಪತ್ರ, ಸಾಲುಸಾಲಿಗೂ ಒಂದೊಂದು ಬಾಣದ ಗುರುತು ಹೊತ್ತು, ಕೆಳಗೆ ಪೂರ್ತಿ ಅಂಟಿಕೊಂಡೇ ಬರುತ್ತದೆ. ನಮ್ಮ ಪತ್ರಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ರುದ್ರಪ್ಪನವರು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರಿಂದ ಅರ್ಥ ಅವರಿಗಿಂತ ಮೊದಲು ಕೇಳುವವರಿಗೆ ಮುಟ್ಟುತ್ತಿತ್ತು. ಮೇಲಿದ್ದ ಮಾಲಿನಿಯ ಸಾಲುಗಳನ್ನು ಮುಗಿಸಿ ಕೆಳಗಿನ ನನ್ನ ಪತ್ರಕ್ಕಿಳಿದರು, ಬಾಣವನ್ನೂ ಬಿಡಲಿಲ್ಲ.

"ಬಾಣ. ಬಸವರಾಜ ಅಂತ ಒಬ್ಬ. ಬಾಣ. ಕೀಬೋರ್ಡಿಗೆ ಮಿರ್ಚಿ ಎಣ್ಣೆ ಹಚ್ಚದೆ ಕೆಲಸ ಶುರು ಮಾಡಲ್ಲ. ಬಾಣ. ಶಬಾನಾ ಮೌಸನ್ನ ಗಾಳಿಯಲ್ಲಿ ಎತ್ತಿ ಹಿಡಿದು, ಯಾಕೆ ಓಡ್ತಿಲ್ಲ ಅಂತ ನನ್ನ ಕೇಳ್ತಾಳೆ. ಬಾಣ. ರುದ್ರಪ್ಪ ಅಂತ ಒಬ್ಬರು."

ಒಂದೇ ಚಪ್ಪಲಿಯಲ್ಲಿ ನಿಂತ ನನಗೆ ಮುಂದಿನ ಸಾಲು ಬಾಯಿಪಾಠವಿತ್ತು. ನಿಲ್ಲಿಸಿಬಿಡಲಿ ಎಂದು ಬೇಡಿಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡರು.

"ಬಾಣ. ಟೆಲೆಕ್ಸ್ ಸತ್ತು ಎಷ್ಟೋ ಕಾಲ ಆಯ್ತು. ಬಾಣ. ಆ ಸುದ್ದೀನ ಇವರಿಗೆ ಟೆಲೆಕ್ಸ್‌ನಲ್ಲೇ ಕಳಿಸಿರಬೇಕು. ಬಾಣ. ಇನ್ನೂ ತಲುಪಿಲ್ಲ."

ಅದೇ ದನಿ, ಪುಣೆಯ ಜೋಕು ಓದಿದ ದನಿ. ಒಂದಕ್ಷರ ನುಂಗಲಿಲ್ಲ. ಮುಂದಕ್ಕೂ ಓದಿದರು: "ಬಾಣ. ಒಂದು ದಿನಾನೂ ಒಬ್ಬಳೇ ಊಟ ಮಾಡಕ್ಕೆ ಬಿಡಲ್ಲ ಇವರು. ಬಾಣ. ಇದು ಅಭ್ಯಾಸ ಆಗಿಬಿಟ್ಟರೆ ಏನ್ ಮಾಡ್ಲಿ ಅಂತ ಭಯ ಕಣೇ." ಆಮೇಲೆ, "ಮುಗೀತು."

ಯಾರೂ ನಗಲಿಲ್ಲ.

ಒಳಗೆ ಹೋದೆ. ತಪ್ಪೊಪ್ಪಿಕೊಳ್ಳಬೇಕಿತ್ತು, ಅಭ್ಯಾಸಬಲ, ವಾದಕ್ಕಿಳಿದೆ. "ಇದು ನನ್ನ ಸ್ವಂತ ಪತ್ರ. ಬೇರೆಯವರ ಪತ್ರ ಓದೋದು ತಪ್ಪು. ಅದೂ ಹೀಗೆ ಎಲ್ಲರ ಮುಂದೆ!"

"ಆಫೀಸಿನ ವಿಳಾಸಕ್ಕ ಬಂದೈತ್ರಿ ಮೇಡಂ" ಎಂದರು ರುದ್ರಪ್ಪನವರು.

"ನನ್ನ ಹೆಸರು ಕಂಡ ಕೂಡಲೇ ನಿಲ್ಲಿಸಬಹುದಿತ್ತು. ಹೋಗಲಿ, ನಿಮ್ಮ ಹೆಸರು ಬಂದಾಗಲಾದರೂ..."

"ಅಲ್ಲಿ ನಿಲ್ಸಿದ್ರ ನಾನು ಆಪರೇಟರ್ ಹೆಂಗ ಆಗ್ತೀನ್ರಿ?" ಅವರು ಸೀಲನ್ನು ಡಬ್ಬಿಯೊಳಗಿಟ್ಟು ಮುಚ್ಚಿದರು. "ಗಿರಣಿ ಬಂದ್ ಆತು ಅಂತ ಸುದ್ದಿ ಬಂದಾಗ ಓದೀನಿ. ನಮ್ಮಣ್ಣ ಅದ ಗಿರಣ್ಯಾಗಿದ್ದ. ಚಲೋದು ಬಂದ್ರ ಓದು, ನಮಗ ಚುಚ್ಚಿದ್ರ ಬಿಡು ಅಂದ್ರ, ನಾಳೆ ನನ್ ಕಾಗದ ಯಾರ್ ನಂಬ್ತಾರ? ಮತ್ತ ಅಲ್ಲಿಗೇ ನಿಲ್ಸಿದ್ರ ಊಟದ ಸಾಲು ಇವ್ರಿಗೆಲ್ಲ ಹೆಂಗ ಗೊತ್ತಾಗ್ತಿತ್ರಿ?"

ಐದು ವರ್ಷ ಎದುರಾಳಿಯ ಮಾತನ್ನು ಅರ್ಧಕ್ಕೆ ಕತ್ತರಿಸಿ, ನನಗೆ ಬೇಕಾದ ತುಂಡನ್ನು ಎತ್ತಿ ತೋರಿಸಿ ಚಪ್ಪಾಳೆ ಗಿಟ್ಟಿಸಿದವಳು ನಾನು. ತನ್ನನ್ನೇ ಹಂಗಿಸಿದ ಮಾತನ್ನು ತಾನೇ ಎದ್ದು ನಿಂತು, ಪೂರ್ತಿಯಾಗಿ, ಬಾಣಸಮೇತ ಓದಿದ ಮನುಷ್ಯನನ್ನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ. ಮಾಲಿನಿಗೆ ಬರೆದಿದ್ದೆನಲ್ಲ, ಸುದ್ದಿ ತಲುಪಿಲ್ಲ ಎಂದು. ತಲುಪದೆ ಇದ್ದದ್ದು ನನಗೆ.

"ತಪ್ಪಾಯ್ತು ಸರ್" ಎಂದೆ. ಅವರು ತಲೆಯಾಡಿಸಿ ಊಟದ ಡಬ್ಬಿ ಹಿಡಿದು ಎದ್ದುಹೋದರು. ಆ ಮಧ್ಯಾಹ್ನ ಮೊದಲ ಬಾರಿಗೆ ನಾನೊಬ್ಬಳೇ ಊಟ ಮಾಡಿದೆ. ಗಿರಿಜಮ್ಮ ಕಟ್ಟಿಕೊಟ್ಟ ರೊಟ್ಟಿಯಲ್ಲಿ ಅರ್ಧ ಡಬ್ಬಿಯಲ್ಲೇ ಉಳಿಯಿತು. ನಾಳೆಯೂ ಹೀಗೆಯೇ ಆದರೆ ಈ ಊರಲ್ಲಿ ನನಗೆ ಉಳಿಯುವುದು ಕಂಪ್ಯೂಟರ್ ಒಂದೇ ಎನ್ನಿಸಿತು. ಕಂಪ್ಯೂಟರಿಗಾಗಿಯೇ ಬಂದವಳಿಗೆ ಅದು ಸಾಲದು ಎಂದು ಗೊತ್ತಾದದ್ದು ಆ ಹೊತ್ತಿನಲ್ಲಿ.

ನಾಲ್ಕು ಗಂಟೆಗೆ ಎಂದಿನಂತೆ ಪೇಪರ್ ಹಾಸಿ ಮಂಡಕ್ಕಿ ಸುರಿದರು. ಕಾರ ಹಚ್ಚಿದ ಮಂಡಕ್ಕಿ, ಪಕ್ಕದಲ್ಲಿ ಬಿಸಿ ಮಿರ್ಚಿ. ನಾನು ಕಂಪ್ಯೂಟರ್ ಪರದೆಯಿಂದ ಕಣ್ಣು ಕೀಳಲಿಲ್ಲ.

"ಮೇಡಂ, ಬರ್ರಿ" ಎಂದ ಬಸವರಾಜ. "ನೀವ್ ಅಲ್ಲಿ ಕುಂತ್ರ ಎಣ್ಣಿ ಹಚ್ಚಾಕ ಕೀಬೋರ್ಡು ಬಿಡುವಿಲ್ಲ ನಂಗ."

ಶಬಾನಾ ಕೈಯಲ್ಲಿದ್ದ ಮಿರ್ಚಿಯನ್ನು ಗಾಳಿಯಲ್ಲಿ ಆಡಿಸುತ್ತ, "ಯಾಕ ಓಡವಲ್ದು ನೋಡ್ರಿ ಮೇಡಂ ಇದು" ಎಂದಳು. ಆಗ ಎಲ್ಲರೂ ನಕ್ಕರು, ಮಧ್ಯಾಹ್ನದಿಂದ ಬಾಕಿಯಿದ್ದ ನಗೆ. ಪೇಪರಿನ ಅಂಚಿನಲ್ಲಿ ನನಗೂ ಜಾಗವಾಯಿತು. ರುದ್ರಪ್ಪನವರು ಮೆಣಸಿನಕಾಯಿ ಸಣ್ಣದಿದ್ದ ಮಿರ್ಚಿಯೊಂದನ್ನು ಹುಡುಕಿ ನನ್ನ ಕಡೆ ತಳ್ಳಿದರು. ನನ್ನ ಕಣ್ಣಲ್ಲಿ ನೀರು ಬಂತು. ಕಾರಕ್ಕೆ ಎಂದು ವಾದಿಸಬಲ್ಲೆ.

ಮರುದಿನ ಬೋರ್ಡಿನಲ್ಲಿ ಅವರ ಕೈಬರಹದ ಚೀಟಿಯಿತ್ತು: 'ಸ್ವಂತ ಪತ್ರಗಳಿಗೆ ನಂಬರು ಮಾತ್ರ ಹಾಕಲಾಗುವುದು. ಓದಲಾಗುವುದಿಲ್ಲ.' ನನ್ನ ಅರ್ಧ ವಾದವನ್ನು ಅವರು ಒಪ್ಪಿದ್ದರು. ಪರದೆ ಎಳೆದ ನಿಮ್ಮ ಗೂಡುಗಳಲ್ಲಿ ಈ ನಿಯಮ ಬೇಕಾಗುವುದಿಲ್ಲ, ನಿಜ. ಆದರೆ ಅಲ್ಲಿ ಯಾರೂ ಯಾರಿಗೂ ಏನನ್ನೂ ಬಿಟ್ಟುಕೊಡಬೇಕಾದ ಪ್ರಸಂಗವೂ ಬರುವುದಿಲ್ಲ.

ಇನ್ನೊಂದು ನಿಯಮ ಮಾತ್ರ ಸಡಿಲವಾಗಲಿಲ್ಲ. ಒಳಬಂದ ಪ್ರತಿಯೊಂದು ಪತ್ರಕ್ಕೂ ಉತ್ತರ ಹೋಗಲೇಬೇಕು. ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇದೆ. "ಇನ್ನೂರಾ ಹದಿನೇಳು ಬಾಕಿ ಐತ್ರಿ" ಎಂದು ಶನಿವಾರ ನೆನಪಿಸಿದರು. ಮಾಲಿನಿ ಎರಡು ಪ್ರಶ್ನೆ ಕೇಳಿದ್ದಳು. 'ಅಲ್ಲಿಯ ಜನ ನಿಜವಾಗಿ ನೀನು ಬರೆದ ಹಾಗೇನಾ?' ಎಂಬುದು ಮೊದಲನೆಯದು. ನಾವು ಓದಿದ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಖಾಲಿಯಿದೆ, ನಿನ್ನ ಹೆಸರು ಹೇಳಿದ್ದೇನೆ, 'ವಾಪಸು ಯಾವಾಗ ಬರ್ತೀಯ?' ಎಂಬುದು ಎರಡನೆಯದು.

ಮೊದಲನೆಯದಕ್ಕೆ ಎರಡು ಪುಟ ಬರೆದೆ. ಬಸವರಾಜ, ಶಬಾನಾ, ಗಿರಿಜಮ್ಮ, ಗುರುವಾರದ ಕಥೆ, ಎಲ್ಲವೂ, ಯಾವುದನ್ನೂ ಅರ್ಧಕ್ಕೆ ಕತ್ತರಿಸದೆ. ಎರಡನೆಯದಕ್ಕೆ ಬಂದಾಗ ಚಾಮುಂಡಿ ಬೆಟ್ಟದ ದೀಪ, ಅಮ್ಮನ ಸಾರು, ಬೆಳಗಿನ ತಣ್ಣನೆ ಗಾಳಿ ಒಟ್ಟಿಗೆ ಕಣ್ಣಮುಂದೆ ಬಂದವು. ಕಿಟಕಿಯಾಚೆ ಲೇತಿನ ಸದ್ದು ನಿಂತು, "ಮೇಲ್ ಟೈಮ್ ಆತಲ್ಲೋ" ಎಂದು ಯಾರೋ ಕೂಗಿದರು. ಬೆರಳು ಕೀಲಿಗಳ ಮೇಲೆಯೇ ನಿಂತವು. ಹಾಗೆಯೇ ಕಳಿಸಿಬಿಟ್ಟೆ.

ರುದ್ರಪ್ಪನವರು ಪುಸ್ತಕ ಬಿಚ್ಚಿದರು. "ಎರಡಕ್ಕೂ ಉತ್ತರ ಹೋತೇನ್ರಿ?"

"ಒಂದಕ್ಕೆ ಹೋಗಿದೆ ಸರ್."

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಪೆನ್ನಿನ ಮುಚ್ಚಳ ತೆಗೆದು, ಉತ್ತರದ ಕಾಲಂನಲ್ಲಿ ಒಂದೇ ಒಂದು ಪದವನ್ನು ದುಂಡಗೆ ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ಆ ಪದ ಇವತ್ತಿಗೂ ಹಾಗೆಯೇ ಇದೆ, ಮೈಸೂರಿನ ಓದುಗರೇ: 'ಭಾಗಶಃ'.