ಕಮಲ ಹೊತ್ತ ಚಿಮಣಿ

ಬಿಳಿಜೋಳದ ರೊಟ್ಟಿಯ ನಟ್ಟನಡುವೆ ಮಸಿಗಪ್ಪಿನ ನೀರಹನಿಯೊಂದು ಬಿದ್ದರೆ ನೋಡುವುದಕ್ಕೆ ಅದು ಚೆಂದವೇ ಇರುತ್ತದೆ. ಆದರೆ ಆ ಮಾತನ್ನು ರೊಟ್ಟಿ ಬಡಿದವರ ಎದುರಿಗೆ ಆಡಬಾರದು. ನಾನು ಆಡಿದೆ. ಹೈಸ್ಕೂಲಿನ ಮಕ್ಕಳಿಗೆ ಅಲಂಕಾರ, ಛಂದಸ್ಸು ಕಲಿಸಿ ನಿವೃತ್ತನಾದವನಿಗೆ ಉಪಮೆಗಳು ಬಾಯಿಯ ತುದಿಯಲ್ಲೇ ಕುಳಿತಿರುತ್ತವೆ. ‘ರೊಟ್ಟಿಗೆ ದೃಷ್ಟಿಬೊಟ್ಟು ಇಟ್ಟಂಗಾತು ನೋಡು’ ಎಂದೆ. ನನ್ನ ಹೆಂಡತಿ ಶಾಂತಾ ಆ ರೊಟ್ಟಿಯನ್ನೇ ಎತ್ತಿ ನನ್ನ ತಾಟಿಗೆ ಹಾಕಿದಳು, ಕತ್ತೆತ್ತಿ ಮೇಲೆ ನೋಡಿದಳು. ಎರಡನೆಯ ಹನಿ ಆಗ ಒಲೆಯೊಳಗೆ ಬಿದ್ದು ಚುಂಯ್ ಎಂದಿತು. ನಮ್ಮ ಬೈಲಹೊಂಗಲದ ಮನೆಯ ಚಿಮಣಿ ಸೋರತೊಡಗಿತ್ತು.

ಓದುಗರೇ, ನಮ್ಮ ಕಡೆ ಮನೆಗೆ ಚಿಮಣಿ ಕಟ್ಟಿಸುವ ಪದ್ಧತಿಯೇ ಇಲ್ಲ. ನಾನು ಹುಟ್ಟಿದ ಮಣ್ಣಿನ ಮಾಳಿಗೆಯ ಮನೆಯಲ್ಲಿ ಒಲೆಯ ನೆತ್ತಿಗೆ ಸರಿಯಾಗಿ ಒಂದು ಬೆಳಕಿಂಡಿ ಇರುತ್ತಿತ್ತು. ಬೆಳಕು ಒಳಗೆ ಬರಲಿಕ್ಕೂ, ಹೊಗೆ ಹೊರಗೆ ಹೋಗಲಿಕ್ಕೂ, ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಲು ಬಂದ ನೆರೆಮನೆಯ ಹೆಂಗಸಿಗೆ ನಮ್ಮ ಮನೆಯ ಪಲ್ಯ ಯಾವುದೆಂದು ತಿಳಿಯಲಿಕ್ಕೂ ಆ ಒಂದೇ ಕಿಂಡಿ ಸಾಕಾಗುತ್ತಿತ್ತು. ಮಳೆ ಬಂತೆಂದರೆ ಓಣಿಯ ಎಲ್ಲ ಅಡಿಗೆಮನೆಗಳಿಂದಲೂ ‘ಬೆಳಕಿಂಡಿ ಮುಚ್ಚರ್ಯೋ’ ಎಂಬ ಕೂಗು ಏಕಕಾಲಕ್ಕೆ ಏಳುವುದು, ಮನೆಯ ಗಂಡಸರು ಪಂಜೆ ಎತ್ತಿ ಕಟ್ಟಿ ಏಣಿ ಹತ್ತುವುದು, ಕಿಂಡಿಗೆ ಪರಸಿ ಕಲ್ಲನ್ನೋ ಒಡೆದ ಮಣ್ಣಿನ ಹರಿವಿಯನ್ನೋ ಕವುಚುವುದು. ಹೀಗೆ ಹತ್ತಿದವರು ಒಬ್ಬರ ಮಾಳಿಗೆಯಿಂದ ಇನ್ನೊಬ್ಬರ ಮಾಳಿಗೆಗೆ ಮಾತಿಗಿಳಿದು, ಮನೆಯ ಕಿಂಡಿ ಮುಚ್ಚಿ ತಾವು ಮಾತ್ರ ತೊಯ್ದು ತೊಪ್ಪೆಯಾಗಿ ಇಳಿಯುತ್ತಿದ್ದರು. ನಮ್ಮ ತಂದೆಗೆ ಇದ್ದ ಗೆಳೆಯರಲ್ಲಿ ಅರ್ಧದಷ್ಟು ಮಂದಿ ಹೀಗೆ ಮಳೆಯಲ್ಲೇ ಕೂಡಿಬಂದವರು.

ಅಂಥ ಪರಂಪರೆಯಲ್ಲಿ ಹುಟ್ಟಿದ ನಾನು ಹೊಸ ಮನೆ ಕಟ್ಟಿಸುವಾಗ ಇಟ್ಟಿಗೆಯ ಚಿಮಣಿಯೇ ಬೇಕೆಂದು ಹಟ ಹಿಡಿದೆ. ಕಟ್ಟಿಗೆಯ ಒಲೆ ಇರಲೇಬೇಕೆಂಬುದು ಶಾಂತಾಳ ಷರತ್ತು. ಅದರ ಹೊಗೆ ಗೌರವದಿಂದ ಹೊರಡಬೇಕೆಂಬುದು ನನ್ನದು. ಅಷ್ಟಕ್ಕೆ ಬಿಟ್ಟಿದ್ದರೆ ಬಾಧೆಯಿರಲಿಲ್ಲ. ಆ ದಿನಗಳಲ್ಲೇ ನಾನು ಹೂಲಿಗೆ ಹೋಗಿ, ಅಲ್ಲಿಯ ಹಳೆಯ ಗುಡಿಗಳ ಶಿಖರಗಳನ್ನು ಕತ್ತು ನೋಯುವಷ್ಟು ಹೊತ್ತು ನೋಡಿ ಬಂದಿದ್ದೆ. ಶಿಖರವಿಲ್ಲದ ಗುಡಿಯೂ ಕಿರೀಟವಿಲ್ಲದ ಚಿಮಣಿಯೂ ಒಂದೇ ಎಂಬ ಸೂತ್ರ ಹೊಳೆದು, ಗೌಂಡಿ ಬಸಪ್ಪನಿಂದ ಚಿಮಣಿಯ ತುದಿಗೆ ಸಿಮೆಂಟಿನ ಒಂದು ಅರಳಿದ ಕಮಲ ಮಾಡಿಸಿದೆ. ಎಸಳುಗಳು ಆಕಾಶಕ್ಕೆ ಮುಖ ಮಾಡಿದ್ದವು, ನಡುವಿನ ಕರ್ಣಿಕೆಯಿಂದ ಹೊಗೆ ಏಳುತ್ತಿತ್ತು. ಬಸ್ ಸ್ಟ್ಯಾಂಡಿನಿಂದ ಬರುವ ನೆಂಟರಿಗೆ ‘ಕಮಲದ ಚಿಮಣಿ ಮನಿ ಎಲ್ಲೈತಿ ಕೇಳ್ರಿ’ ಎಂದು ನಾನು ಫೋನಿನಲ್ಲಿ ಹೇಳುವಾಗ ನನ್ನ ದನಿ ತಾನಾಗಿಯೇ ಒಂದು ಶ್ರುತಿ ಮೇಲೇರುತ್ತಿತ್ತು.

ನಿವೃತ್ತಿಯ ನಂತರ ವಿಳಾಸವೇ ಬದಲಾಯಿತು. ಶಾಂತಾ ಕಡಕ್ ರೊಟ್ಟಿ ಮಾಡಿ ಮಾರತೊಡಗಿದಳು. ಮೊದಲು ಓಣಿಯವರು ಒಯ್ದರು, ಆಮೇಲೆ ಸವದತ್ತಿಯವರು, ರಾಮದುರ್ಗದವರು. ಅವಳ ರೊಟ್ಟಿ ಹಪ್ಪಳದಷ್ಟು ತೆಳು. ಮುರಿದರೆ ಪಕ್ಕದ ಕೋಣೆಗೆ ಕೇಳಿಸಬೇಕು. ಒಲೆಯ ಶಾಖದಿಂದ ಬೆಚ್ಚಗಿರುವ ಚಿಮಣಿಯ ಗೋಡೆಗೆ ಒರಗಿಸಿ ಅವಳು ರೊಟ್ಟಿ ಒಣಗಿಸುತ್ತಿದ್ದಳು. ಗ್ಯಾಸಿನ ಮೇಲೆ ಸುಟ್ಟದ್ದಕ್ಕೆ ಆ ಗರಿಮೆ ಬಾರದು, ಗರಿಗರಿಯೂ ಬಾರದು. ಇಷ್ಟು ವರ್ಷ ‘ಮಾಸ್ತರ ಹೆಂಡತಿ’ಯಾಗಿದ್ದವಳು ‘ರೊಟ್ಟಿ ಅಕ್ಕಾರು’ ಆದಳು, ನಾನು ರೊಟ್ಟಿ ಅಕ್ಕಾರ ಗಂಡನಾದೆ. ನನಗೆ ಹೆಮ್ಮೆಯೂ ಆಗುತ್ತಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಹೀಗಿರುವಾಗ ಚಚಡಿಯ ನೀಲವ್ವ ಎಂಬವರು ಮಗಳ ಕುಬಸಕ್ಕೆ ಬುತ್ತಿ ಒಯ್ಯಲು ರೊಟ್ಟಿ ಹೇಳಿ ಹೋದರು. ಬಸುರಿ ಮಗಳಿಗೆ ತವರಿನ ಬುತ್ತಿ ಎಂದರೆ ಸಾಮಾನ್ಯವಲ್ಲ. ಬೀಗರ ಮನೆಯ ಹೆಂಗಸರೆಲ್ಲ ಸುತ್ತ ಕುಳಿತು, ಒಂದೊಂದು ಪದಾರ್ಥವನ್ನೂ ಮುಟ್ಟಿ, ಮುರಿದು, ಮೂಸಿ ತೀರ್ಪು ಕೊಡುತ್ತಾರೆ. ಅಲ್ಲಿ ರೊಟ್ಟಿ ಮುರಿಯುವ ಬದಲು ಬಾಗಿದರೆ ನೀಲವ್ವನ ತಲೆ ಬಾಗುತ್ತದೆ, ಶಾಂತಾಳ ಹೆಸರು ಸುತ್ತಲಿನ ನಾಲ್ಕೂ ತಾಲೂಕಿನಲ್ಲಿ ಕೆಡುತ್ತದೆ. ಮಳೆಯೋ ಬಿಡುವ ಲಕ್ಷಣವಿರಲಿಲ್ಲ. ಚಿಮಣಿಯ ಗೋಡೆ ತೊಯ್ದು, ಒರಗಿಸಿದ ರೊಟ್ಟಿಗಳು ಸಂಜೆಯೊಳಗೆ ಕರವಸ್ತ್ರದ ಹಾಗೆ ಮಡಚತೊಡಗಿದವು. ಒಂದನ್ನು ಮಡಚಿ ನನ್ನ ಕೈಗಿಟ್ಟು ಶಾಂತಾ ಹೇಳಿದಳು:

‘ಕುಬಸದ ರೊಟ್ಟಿಗೆ ಕೂಡೂದರೊಳಗ ಇದರ ಸೋರಿಕಿ ನಿಂದರಬೇಕ್ರಿ. ಇಲ್ಲಂದ್ರ ನಿಮ್ಮ ಚಿಮಣಿ ಕೆಡವಿಸಿ ಒಂದು ಬೆಳಕಿಂಡಿ ಬಿಡಸ್ತೇನಿ. ಮಳಿ ಬಂದಾಗ ನೀವ ಹತ್ತಿ ಮುಚ್ಚೀರಂತ.’

ನಾನು ಗಾಬರಿಯಿಂದ ಗೌಂಡಿ ಬಸಪ್ಪನಿಗೆ ಫೋನು ಮಾಡಿದೆ. ಅವನು ಸಿರಸಂಗಿಯಲ್ಲಿ ಯಾರದೋ ಮನೆಯ ಗೋಡೆಗಳ ಸಿಮೆಂಟು ಗಿಲಾವಿಗೆ ಹೋಗಿದ್ದ. ಫೋನು ಎತ್ತಿದವಳು ಅವನ ಹೆಂಡತಿ. ‘ನಮ್ಮ ಮನ್ಯಾಗ ಚಿಮಣಿ ಸೋರಾಕತ್ತೈತಿ, ಯಾರನರ ಲಗೂನ ಕಳಸವ್ವಾ’ ಎಂದೆ. ಇಲ್ಲಿ ನಮ್ಮ ನಾಡಿನ ಶಬ್ದಸಂಪತ್ತಿನ ಬಗ್ಗೆ ಒಂದು ಮಾತು ಹೇಳಬೇಕು. ಮರಾಠಿ ಮಾತಾಡುವ ನಮ್ಮ ನೆರೆಯವರಿಗೆ ಚಿಮಣಿ ಎಂದರೆ ಗುಬ್ಬಿ. ನಮ್ಮವರಿಗೆ ಚಿಮಣಿ ಎಂದರೆ ತಗಡಿನ ಬುಡ್ಡಿದೀಪ. ಅದಕ್ಕೆ ಹಾಕುವ ಸೀಮೆಎಣ್ಣೆ ಚಿಮಣಿ ಎಣ್ಣಿ. ಹೊಗೆ ಹೋಗುವ ಗೂಡಿಗೆ ಚಿಮಣಿ ಎನ್ನುವವನು ಇಡೀ ಓಣಿಗೆ ನಾನೊಬ್ಬನೇ. ಆ ತಾಯಿ, ಮಾಸ್ತರರ ಮನೆಯಲ್ಲಿ ಹಳೆಯ ದೀಪ ಸೋರಿ ಎಲ್ಲಿ ಬೆಂಕಿ ಹತ್ತುವುದೋ ಎಂದು ಹೆದರಿ, ತಗಡಿನ ಕೆಲಸದ ರಸೂಲಸಾಬನನ್ನು ಓಡಿಸಿದಳು.

ರಸೂಲಸಾಬ ಬೆಸುಗೆಯ ಸಾಮಾನು ಹಿಡಿದು ಬಂದಾಗ ಅವನ ಮುಖದಲ್ಲಿ ಹಬ್ಬವಿತ್ತು. ಅವನ ಕುಲಕಸುಬೇ ದೀಪ ಮಾಡುವುದು. ಈಗ ಟ್ರಂಕು, ಕಾಳಿನ ಡಬ್ಬಿ ಮಾಡುತ್ತಾನೆ, ಬುಡ್ಡಿ ಕೇಳುವವರೇ ಇಲ್ಲ.

‘ಭಾಳ ದಿವಸದ ಮ್ಯಾಲ ಒಂದು ಚಿಮಣಿ ಕೆಲಸ ಬಂತ್ರಿ ಸರ. ಎಲ್ಲೈತಿ, ತರ್ರಿ’ ಎಂದ.

ನಾನು ಬೆರಳೆತ್ತಿ ಆಕಾಶ ತೋರಿಸಿದೆ. ಅವನು ಬಹಳ ಹೊತ್ತು ಮೇಲೆ ನೋಡಿದ.

‘ಭಾರಿ ದೊಡ್ಡದೈತಲ್ರೀ’ ಎಂದ. ‘ಇರ್ಲಿ ಬಿಡ್ರಿ. ಸಣ್ಣದಾದ್ರೇನು, ದೊಡ್ಡದಾದ್ರೇನು, ಚಿಮಣಿ ಅಂದ್ರ ಚಿಮಣಿನ. ಮುಚ್ಚಳಾ ಘಟ್ಟಿ ಇದ್ರ ಸೋರೂದಿಲ್ಲ.’

ಈ ತರ್ಕ ನನಗೆ ಬಹಳ ಹಿಡಿಸಿತು. ಮರುದಿನ ಅವನು ಮಾಡಿ ತಂದ ಮುಚ್ಚಳವಾದರೂ ಎಂಥದು ಅಂತೀರಿ: ಬುಡ್ಡಿದೀಪದ್ದೇ ಪ್ರತಿರೂಪ, ಅಂಚು ಒಳಗೆ ಮಡಚಿ ಬಿಗಿ ಮಾಡಿದ್ದು, ನೆತ್ತಿಯಲ್ಲಿ ಬತ್ತಿ ಹೊರಬರುವಷ್ಟೇ ಒಂದು ಕೊಳವೆ. ಅದನ್ನು ಕಮಲದ ಗರ್ಭದಲ್ಲಿ ತೂರಿಸಿ, ಬಡಿದು ಬಿಗಿ ಮಾಡಿ, ನಾವಿಬ್ಬರೂ ಮಾಳಿಗೆಯ ಮೇಲೆ ನಿಂತು ಒಬ್ಬರನ್ನೊಬ್ಬರು ಮೆಚ್ಚಿಕೊಂಡೆವು. ಕೆಳಗೆ ಶಾಂತಾ ಒಲೆ ಹೊತ್ತಿಸಿದಳು. ಒಂದು ಹನಿ ನೀರೂ ಒಲೆಯೊಳಗೆ ಬರಲಿಲ್ಲ. ಒಂದು ಎಳೆ ಹೊಗೆಯೂ ಹೊರಗೆ ಹೋಗಲಿಲ್ಲ. ಅಡಿಗೆಮನೆಯಿಂದ ಕೆಮ್ಮು ಕೇಳಿತು, ಅದರ ಹಿಂದೆಯೇ ಸೆರಗಿನಿಂದ ಕಣ್ಣೊರಸುತ್ತ ಶಾಂತಾ ಅಂಗಳಕ್ಕೆ ಬಂದಳು.

‘ಯಾರ ತಲಿ ಇದು?’ ಎಂದು ಕೆಳಗಿನಿಂದಲೇ ಕೇಳಿದಳು.

ರಸೂಲಸಾಬ ನನ್ನನ್ನು ನೋಡಿದ, ನಾನು ರಸೂಲಸಾಬನನ್ನು ನೋಡಿದೆ.

‘ಬತ್ತಿಗೆ ಜಾಗಾ ಬಿಟ್ಟೇನ್ರಿ ಅಕ್ಕಾರ’ ಎಂದ ಅವನು, ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಫೋನಿನ ಸುದ್ದಿ ತಿಳಿದು ಬಸಪ್ಪನೂ ಬಂದ. ಮೂವರು ಗಂಡಸರು ಮಾಳಿಗೆಯ ಮೇಲೆ ಸೇರಿದರೆ ಅದು ಸಭೆಯಾಗುತ್ತದೆ. ಸೋರಿದ್ದು ತೆರೆದ ಬಾಯಿಯಿಂದಲೋ, ಬುಡದ ಬಿರುಕಿನಿಂದಲೋ, ಈ ವರ್ಷದ ಮಳೆಯ ಸ್ವಭಾವದಿಂದಲೋ ಎಂಬ ಚರ್ಚೆ ಬಲು ಗಂಭೀರವಾಗಿ ನಡೆದು, ನಾನು ಜಲ ಮತ್ತು ಧೂಮಗಳ ವಿರುದ್ಧ ಗತಿಯ ಕುರಿತು ವ್ಯಾಖ್ಯಾನ ಆರಂಭಿಸಿದ್ದೆ. ಶಾಂತಾ ಮೆಟ್ಟಿಲು ಹತ್ತಿ ಬಂದದ್ದು ನಮಗೆ ತಿಳಿಯಲಿಲ್ಲ.

‘ಮದುವಿ ಹಂದರ ನೋಡೀರಿಲ್ಲೋ?’ ಎಂದಳು. ‘ಮ್ಯಾಲ ಮುಚ್ಚಿರತೈತಿ, ಸುತ್ತಲೂ ತೆರದಿರತೈತಿ. ಮಂದಿ ಬರ್ತಾರ, ಹೋಗ್ತಾರ, ಯಾರೂ ತೊಯ್ಯಂಗಿಲ್ಲ. ಈ ತಗಡಿಗೆ ನಾಕು ಕಾಲು ಹಚ್ಚಿ ಎತ್ತರಿಸಿ ನಿಂದರಸ್ರಿ.’ ಆಮೇಲೆ ಕಮಲದೊಳಗೆ ಇಣುಕಿದಳು. ಎಸಳುಗಳ ನಡುವೆ ಬೊಗಸೆ ತುಂಬ ನೀರು ನಿಂತಿತ್ತು. ಸಿಮೆಂಟು ಅದನ್ನು ಹೀರಿ ಹೀರಿ ಪಾಚಿಗಟ್ಟಿ, ಬೆರಳಗಲ ಬಿರಿದು, ಆ ಬಿರುಕಿನ ದಾರಿಯಲ್ಲೇ ನೀರು ಇಟ್ಟಿಗೆಯೊಳಗೆ ಇಳಿಯುತ್ತಿತ್ತು. ‘ಬಸಪ್ಪಾ, ಈ ಹೂವಾ ತಗಿ’ ಎಂದಳು.

ಕಮಲದ ಎಲೆ ನೀರನ್ನು ಅಂಟಿಸಿಕೊಳ್ಳುವುದಿಲ್ಲವೆಂದು ನಾನು ಎಷ್ಟು ತರಗತಿಗಳಿಗೆ ಪಾಠ ಮಾಡಿಲ್ಲ. ಹೂವಿನ ವಿಷಯ ಬೇರೆ ಎಂದು ನನಗೆ ಯಾರೂ ಪಾಠ ಮಾಡಿರಲಿಲ್ಲ. ಗುಡಿಯ ಶಿಖರ ಮೇಲಿನಿಂದ ಕೆಳಕ್ಕೆ ನೀರು ಜಾರಿಸುತ್ತದೆ. ನಾನು ಅಲ್ಲಿಂದ ಚೆಲುವನ್ನಷ್ಟೇ ತಂದು, ಮಳೆಗೆ ಬಟ್ಟಲು ಹಿಡಿದ ಹಾಗೆ ಮನೆಯ ನೆತ್ತಿಗೆ ಇಟ್ಟಿದ್ದೆ. ಬಸಪ್ಪ ಸುತ್ತಿಗೆ ಎತ್ತಿ ನನ್ನ ಕಡೆ ನೋಡಿದ, ನಾನು ಮಾಡಿಸಿದ್ದು ಎಂಬ ಮರ್ಯಾದೆಗೆ. ‘ಹೊಡಿಯಪ್ಪಾ’ ಎಂದೆ. ಮೊದಲ ಎಸಳು ಬಿದ್ದಾಗ ನನಗೆ ನಿಜವಾಗಿಯೂ ದುಃಖವಾಯಿತು. ಹಿಂದೆ ತಿರುಗಿ, ಯರಗಟ್ಟಿ ರಸ್ತೆಯ ಲಾರಿಗಳನ್ನು ನೋಡುತ್ತ ನಿಂತೆ.

ಚಿಮಣಿಯ ತಲೆ ಬೋಳಾಯಿತು. ಬಸಪ್ಪ ಅದಕ್ಕೆ ನಾಲ್ಕೂ ಕಡೆ ಇಳಿಜಾರು ಕೊಟ್ಟು ಗಿಲಾವು ಮಾಡಿ, ಅಂಚನ್ನು ಗೋಡೆಯಿಂದ ತುಸು ಮುಂದಕ್ಕೆ ಚಾಚಿಸಿ, ಬುಡ ಮಾಳಿಗೆಗೆ ಕೂಡುವಲ್ಲಿ ಸಿಮೆಂಟಿನ ದುಂಡು ಕಟ್ಟೆ ಹಾಕಿದ. ರಸೂಲಸಾಬ ಬತ್ತಿಯ ತೂತು ಬೆಸೆದು, ಮುಚ್ಚಳಕ್ಕೆ ಕಾಲು ಹಚ್ಚಿ, ಹಂದರ ನಿಲ್ಲಿಸಿದ. ದೂರದಿಂದ ನೋಡಿದರೆ ಈಗ ಅದು ಕೊಡೆ ಹಿಡಿದ ಕುಳ್ಳ ಮುದುಕನ ಹಾಗೆ ಕಾಣುತ್ತದೆ. ನೆಂಟರಿಗೆ ನಾನು ಅದರ ಗುರುತು ಹೇಳುವುದನ್ನು ಬಿಟ್ಟಿದ್ದೇನೆ. ರೊಟ್ಟಿ ಅಕ್ಕಾರ ಮನೆ ಎಂದರೆ ಎಲ್ಲರೂ ತೋರಿಸುತ್ತಾರೆ.

ಕುಬಸದ ರೊಟ್ಟಿ ಬಡಿಯುವ ದಿನಗಳಲ್ಲಿ ಮಳೆ ತನ್ನ ಕೈಲಾದುದನ್ನೆಲ್ಲ ಮಾಡಿತು. ಶಾಂತಾ ಒಲೆಯ ಮುಂದೆ ಕುಳಿತು ಬಡಿಯುತ್ತಿದ್ದಳು, ನಡುನಡುವೆ ಎಡಗೈಯನ್ನು ಗೋಡೆಗೆ ಒತ್ತಿ ನೋಡುತ್ತಿದ್ದಳು. ಅವಳ ಕೈ ಗೋಡೆಗೆ ಹೋದಾಗಲೆಲ್ಲ ಬಾಗಿಲಲ್ಲಿ ನಿಂತ ನಾನು ಅವಳ ಮುಖ ನೋಡುತ್ತಿದ್ದೆ. ಗೋಡೆ ಬೆಚ್ಚಗೇ ಇತ್ತು. ನಾನು ಮೋಡವಾದಾಗೊಮ್ಮೆ ಮಾಳಿಗೆ ಹತ್ತುತ್ತಿದ್ದೆ, ತಗಡು ಅಲುಗಿಸಿ ನೋಡುತ್ತಿದ್ದೆ, ಬುಡದ ಕಟ್ಟೆಯನ್ನು ಬೆರಳಿನಿಂದ ಒತ್ತುತ್ತಿದ್ದೆ, ತೊಯ್ದು ಇಳಿಯುತ್ತಿದ್ದೆ. ಅಷ್ಟೆಲ್ಲ ಹತ್ತುವ ಅಗತ್ಯವಿರಲಿಲ್ಲ. ಆದರೆ ಕೆಳಗೆ ನನಗೆ ಬೇರೆ ಕೆಲಸವೂ ಇರಲಿಲ್ಲ.

ನೀಲವ್ವ ಬುತ್ತಿಯ ರೊಟ್ಟಿ ಒಯ್ಯಲು ಬಂದರು. ಬುಟ್ಟಿಯ ಅರಿವೆ ಸರಿಸಿ, ಮೇಲಿನದೊಂದನ್ನು ತೆಗೆದು ಕಿವಿಯ ಹತ್ತಿರ ಹಿಡಿದು ಮುರಿದರು. ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದ ನನಗೂ ಆ ಸದ್ದು ಕೇಳಿಸಿತು. ತೆರೆದ ಬಾಗಿಲಲ್ಲಿ ಶಾಂತಾಳ ಮುಖ ಅರಳಿದ್ದು ಕಂಡಿತು. ಹಾಗೆ ಅರಳಿದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

‘ಇಂಥಾ ಮಳ್ಯಾಗೂ ಇಷ್ಟು ಕಡಕ್ ಅದಾವಲ್ರೀ ಅಕ್ಕಾರ’ ಎಂದರು ನೀಲವ್ವ. ‘ನಾವೂ ಊರಾಗ ಇಂಥಾದೊಂದು ಚಿಮಣಿ ಕಟ್ಟಸಬೇಕ್ರಿ.’

‘ಬರೇ ಚಿಮಣಿ ಕಟ್ಟಿಸಿದ್ರ ಆಗೂದಿಲ್ರಿ’ ಎಂದಳು ಶಾಂತಾ, ಅರಿವೆ ಬಿಗಿಯುತ್ತ. ‘ಮೋಡ ಆದಾಗೊಮ್ಮೆ ಮ್ಯಾಲ ಹತ್ತಿ ತೊಯ್ಸಿಕೊಳ್ಳಾಕ ಒಬ್ಬ ಮಾಸ್ತರ ಬೇಕಾಗತಾನ. ಅಂಥಾವ ಎಲ್ಲಾರ ಮನ್ಯಾಗೂ ಸಿಗೂದಿಲ್ರಿ.’

ನನಗೆ ಸಂತೋಷವಾಯಿತು, ಬಹಳ ಸಂತೋಷವಾಯಿತು. ಹೊರಗೆ ಕಿತ್ತೂರಿನ ದಿಕ್ಕಿಗೆ ಮತ್ತೆ ಮೋಡ ಕಟ್ಟುತ್ತಿತ್ತು. ಚಹಾ ಅರ್ಧಕ್ಕೇ ಬಿಟ್ಟು ನಾನು ಮಾಳಿಗೆ ಹತ್ತಿದೆ.